ಹುರುಳಿ ಕಿತ್ತ ಮೇಲೆ ಮಣ್ಣಿಗೆ ಉಳಿದದ್ದೇನು?

(ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರು ಬರೆದಿದ್ದಾರೆ: ಮೂರು ವರ್ಷದಿಂದ ತೋಟದ ಸಾಲುಗಳ ನಡುವೆ ಹೊದಿಕೆ ಬೆಳೆಯೆಂದು ಹುರುಳಿ ಚೆಲ್ಲುತ್ತಿದ್ದೇನೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ (ಕೊಳೆತ ಸೊಪ್ಪುಕಡ್ಡಿಯಿಂದ ಮಣ್ಣಿಗೆ ಸೇರುವ ಇಂಗಾಲ) ಶೇ. 0.4 ಬಿಟ್ಟು ಮೇಲೇಳಲಿಲ್ಲ. ಅದು ಮರದ ನೀರು ಕುಡಿಯುತ್ತದೆಂದು ಪಕ್ಕದ ತೋಟದವರು ಬೇರೆ ಹೇಳುತ್ತಾರೆ. ಬಿಟ್ಟುಬಿಡಲೇ?)

ಬಿಡಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸಂಕ್ರಾಂತಿಗೆ ಮೊದಲೇ ಹುರುಳಿ ಕಿತ್ತು ಕಣಕ್ಕೆ ಹಾಕಿದೆ, ಹೊಟ್ಟನ್ನು ದನಗಳಿಗೆ ಇಟ್ಟುಕೊಂಡೆ ಎಂದಿದ್ದೀರಿ. ಹುರುಳಿಯನ್ನು ನಾವು ಬೇರುಸಮೇತ ಕೀಳುತ್ತೇವೆ. ಬೇರಿನ ಗಂಟುಗಳು ಗಾಳಿಯಿಂದ ಹಿಡಿದಿಟ್ಟ ಸಾರಜನಕದ ಹೆಚ್ಚಿನ ಪಾಲು ಕಾಯಿ ಬಲಿಯುವಾಗ ಕಾಳಿಗೆ ಸೇರುತ್ತದೆ. ಕಾಳು ಮನೆಗೆ, ಹೊಟ್ಟು ಕೊಟ್ಟಿಗೆಗೆ, ಬೇರು ಕಣಕ್ಕೆ ಹೋದ ಮೇಲೆ ತೋಟಕ್ಕೆ ಸಿಕ್ಕಿದ್ದು ಉದುರಿದ ಎಲೆ ಮಾತ್ರ. ದನದ ಗೊಬ್ಬರವಾದರೂ ತೋಟಕ್ಕೆ ಮರಳಿದ್ದರೆ ಒಂದಿಷ್ಟು ತುಂಬಿಬರುತ್ತಿತ್ತು. ಅದೆಲ್ಲ ರಾಗಿ ಹೊಲಕ್ಕೆ ಹೋಗುತ್ತದೆಂದು ನೀವೇ ಬರೆದಿದ್ದೀರಿ. ನೀವು ಬೆಳೆದದ್ದು ಒಳ್ಳೆಯ ಬೆಳೆಯೇ, ಆದರೆ ಮಣ್ಣಿಗೆ ಹೊದಿಕೆಯಾಗಲಿಲ್ಲ.

ಇಂಗಾಲದ ಲೆಕ್ಕವನ್ನೂ ನೋಡಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಶೇ. 0.4 ಇದ್ದದ್ದು ಶೇ. 0.5 ಆಗಬೇಕಾದರೆ 900 ಕಿಲೋ ಇಂಗಾಲ ಅಲ್ಲಿ ನಿಲ್ಲಬೇಕು. ಒಣಗಿದ ಸೊಪ್ಪುಕಡ್ಡಿಯಲ್ಲಿ ಅರ್ಧಕ್ಕಿಂತ ಕಡಿಮೆ ಇಂಗಾಲ. ನಮ್ಮ ಬಿಸಿಲಿಗೆ ಅದರಲ್ಲೂ ಬಹುಪಾಲು ಕೊಳೆತು ಗಾಳಿಗೆ ಹೋಗುತ್ತದೆ. ಹಾಗಾಗಿ ಟನ್ನುಗಟ್ಟಲೆ ಸೊಪ್ಪು ವರ್ಷವರ್ಷವೂ ಬೀಳಬೇಕು. ವರ್ಷಕ್ಕೆ ನಾಲ್ಕು ಸಲ ಉಳುವುದನ್ನೂ ನಿಲ್ಲಿಸಬೇಕು. ತೋಟ ಚೊಕ್ಕಟವಾಗಿ ಕಾಣಬೇಕೆಂಬ ನಮ್ಮ ಹಟ ಕೆಂಪು ಮಣ್ಣಿಗೆ ದೊಡ್ಡ ಪೆಟ್ಟು. ಉತ್ತು ಬರಿದಾದ ನೆಲಕ್ಕೆ ಮಳೆ ಹನಿ ಬಡಿದರೆ ಮೇಲೆ ಹಕ್ಕಳೆ ಕಟ್ಟುತ್ತದೆ, ನೀರು ಇಂಗದೆ ಹರಿದುಹೋಗುತ್ತದೆ.

ಹುರುಳಿ ಬೇಕೆಂದರೆ ಕಾಲು ಭಾಗಕ್ಕೆ ಇರಲಿ. ಉಳಿದದ್ದಕ್ಕೆ ಮುಂಗಾರಿನ ಮೊದಲ ಹದಮಳೆಗೆ ಅಲಸಂದೆ, ಸೆಣಬು ಬೆರೆಸಿ ಚೆಲ್ಲಿ. ಹೂ ಬರುತ್ತಿದ್ದಂತೆ, ಅಂದರೆ 45-50 ದಿನಕ್ಕೆ, ಬುಡ ಕೊಯ್ದು ಅಲ್ಲೇ ಮಲಗಿಸಿ. ಬೇರು ಮಣ್ಣಲ್ಲೇ ಇರಲಿ. ಸೆಣಬು ಬಲಿಯಲು ಬಿಟ್ಟರೆ ಹಗ್ಗ ಹೊಸೆಯುವ ನಾರಾಗುತ್ತದೆ. ಅದನ್ನು ಮಣ್ಣಿಗೆ ಸೇರಿಸಿದರೆ ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ.

ನೀರಿನ ವಿಷಯದಲ್ಲಿ ಪಕ್ಕದವರ ಮಾತು ಸುಳ್ಳಲ್ಲ. ಜೀವಂತ ಗಿಡ ನೀರು ಕುಡಿಯುತ್ತದೆ. ಹಿಂಗಾರು ಮುಗಿಯುವ ಮೊದಲೇ ನಿಂತಿರುವುದನ್ನೆಲ್ಲ ಕೊಯ್ದು ಹಾಸಿಬಿಡಿ. ಒಣ ಹಾಸು ಬಿಸಿಲನ್ನು ತಡೆದು ತೇವ ಕಾಯುತ್ತದೆ.

ಈ ವಾರವೇ ಒಂದು ಕೆಲಸ ಮಾಡಿ. ಎಂದೂ ಉಳದ ಬೇಲಿ ಬುಡದಿಂದ ಒಂದು ಒಣ ಹೆಂಟೆ, ತೋಟದ ನಡುವಿನಿಂದ ಒಂದು ಹೆಂಟೆ ತಂದು ಎರಡು ಗಾಜಿನ ಲೋಟದ ನೀರಲ್ಲಿ ಮೆಲ್ಲಗೆ ಬಿಡಿ. ಸಾವಯವ ಅಂಶ ಹೆಚ್ಚಿದ್ದಷ್ಟೂ ಹೆಂಟೆ ಸುಲಭವಾಗಿ ಕರಗುವುದಿಲ್ಲ. ಯಾವುದು ಎಷ್ಟು ಬೇಗ ಕರಗಿ ರಾಡಿಯಾಯಿತೆಂದು ಬರೆದಿಡಿ. ಮುಂದಿನ ವರ್ಷ ಅದೇ ಜಾಗದ ಹೆಂಟೆ ತೆಗೆದು ಮತ್ತೆ ನೋಡಿ, ನಮಗೂ ತಿಳಿಸಿ.

– ಸಂಪಾದಕ