ಬಿಗಿಸುವ ಕ್ಯಾಲ್ಸಿಯಂ ಸಡಿಲಿಸುವುದೂ ಉಂಟೆ?

ಪ್ರಶ್ನೆ: ಕ್ಯಾಲ್ಸಿಯಂ ಹೆಚ್ಚಾದಾಗ ಸ್ನಾಯು ಬಿಗಿಯುತ್ತದೆ ಎಂದು ಮಗಳ ಪಿಯುಸಿ ಪುಸ್ತಕದಲ್ಲಿದೆ. ಅದೇ ಕ್ಯಾಲ್ಸಿಯಂ ಪೊಟ್ಯಾಸಿಯಂ ವಾಹಿನಿಗಳನ್ನು ತೆರೆದು ರಕ್ತನಾಳವನ್ನು ಸಡಿಲಿಸುತ್ತದೆ ಎಂದು ಉಪನ್ಯಾಸವೊಂದರಲ್ಲಿ ಕೇಳಿದೆ. ಯಾವುದು ಸರಿ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಎರಡೂ ಸರಿ. ಕ್ಯಾಲ್ಸಿಯಂ ಎಷ್ಟಿದೆ ಎನ್ನುವುದರಷ್ಟೇ ಅದು ಕೋಶದ ಯಾವ ಮೂಲೆಯಲ್ಲಿದೆ ಎನ್ನುವುದೂ ಇಲ್ಲಿ ಮುಖ್ಯ.

ವಿಶ್ರಾಂತ ಸ್ಥಿತಿಯ ಜೀವಕೋಶದೊಳಗೆ ಮುಕ್ತ ಕ್ಯಾಲ್ಸಿಯಂ ಹೊರಗಿರುವುದರ ಸುಮಾರು 10,000ದಲ್ಲಿ ಒಂದು ಪಾಲಿನಷ್ಟಿರುತ್ತದೆ. ಅದು ಕೋಶದ ತುಂಬ ಏರಿದರೆ ಸ್ನಾಯು ಬಿಗಿಯುತ್ತದೆ. ನಿಮ್ಮ ಮಗಳ ಪುಸ್ತಕ ಹೇಳುವುದು ಇದನ್ನೇ. ಆದರೆ ಅಪಧಮನಿಯ ಸ್ನಾಯುಕೋಶದಲ್ಲಿ ಕೋಶದ ಹೊರಪೊರೆಗೆ ಅಂಟಿದಂತಿರುವ ಕ್ಯಾಲ್ಸಿಯಂ ಉಗ್ರಾಣವು ಆಗಾಗ ಕ್ಷಣಮಾತ್ರ ಬಾಯಿ ತೆರೆಯುತ್ತದೆ. ಹೊಮ್ಮಿದ ಕ್ಯಾಲ್ಸಿಯಂ ಅಷ್ಟೇ ಜಾಗದಲ್ಲಿ ದಟ್ಟವಾಗುತ್ತದೆಯೇ ಹೊರತು, ಕೋಶದ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಇದಕ್ಕೆ ಕ್ಯಾಲ್ಸಿಯಂ ಕಿಡಿ ಎಂದು ಹೆಸರು. ಕಿಡಿಯ ಎದುರಿಗೇ ಪೊರೆಯಲ್ಲಿ ಬಿಕೆ ಎಂಬ ಪೊಟ್ಯಾಸಿಯಂ ವಾಹಿನಿಗಳು, ಅಂದರೆ ಪೊಟ್ಯಾಸಿಯಂ ಹಾದುಹೋಗುವ ಪ್ರೋಟೀನು ಬಾಗಿಲುಗಳು, ಇರುತ್ತವೆ. ಕಿಡಿಯ ಕ್ಯಾಲ್ಸಿಯಂನಿಂದ ಅವು ತೆರೆದೊಡನೆ ಪೊಟ್ಯಾಸಿಯಂ ಹೊರಹರಿದು ಕೋಶದ ಒಳಭಾಗ ಇನ್ನಷ್ಟು ಋಣವಿದ್ಯುತ್ತಿನದಾಗುತ್ತದೆ. ಹೊರಗಿನಿಂದ ಕ್ಯಾಲ್ಸಿಯಂ ಒಳಬಿಡುವ ವಾಹಿನಿಗಳು ಅದರಿಂದ ಮುಚ್ಚಿಕೊಳ್ಳುತ್ತವೆ, ನಾಳ ಸಡಿಲಗೊಳ್ಳುತ್ತದೆ. 1995ರಲ್ಲಿ ವಿಜ್ಞಾನಿ ಮಾರ್ಕ್ ನೆಲ್ಸನ್ ಅವರ ತಂಡ ಇದನ್ನು ತೋರಿಸಿತು. ಒಂದೇ ವಸ್ತು ತನ್ನ ಪ್ರವೇಶಕ್ಕೆ ತಾನೇ ತಡೆಯೊಡ್ಡುವ ಈ ಏರ್ಪಾಟು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಬಾಗಿಲು ತೆರೆಯುವ ಬಗೆಯನ್ನೂ ಹತ್ತಿರದಿಂದ ನೋಡೋಣ. ಬಿಕೆ ವಾಹಿನಿಯು ಒಂದೇ ತೆರನಾದ ನಾಲ್ಕು ಪ್ರೋಟೀನುಗಳ ಕೂಟ; ಕೋಶದೊಳಕ್ಕೆ ಇಳಿಬಿದ್ದಿರುವ ಅವುಗಳ ತುದಿಗಳು ಸೇರಿ ಬಳೆಯಂತಹ ರಚನೆಯಾಗಿವೆ. ಕ್ಯಾಲ್ಸಿಯಂ ಅಂಟಿಕೊಂಡಾಗ ಬಳೆ ಹಿಗ್ಗಿ, ತನಗೆ ಕೂಡಿಕೊಂಡಿರುವ ಕೊಂಡಿಗಳನ್ನು ಎಳೆದು, ಮೇಲಿನ ದ್ವಾರವನ್ನು ಅಗಲಿಸುತ್ತದೆ. ಇಂತಹ ಬಳೆಯ ರೂಪವನ್ನು ವಿಜ್ಞಾನಿ ರಾಡ್ರಿಕ್ ಮೆಕಿನನ್ ಅವರ ತಂಡ 2002ರಲ್ಲಿ ಸೂಕ್ಷ್ಮಜೀವಿಯೊಂದರ ವಾಹಿನಿಯಲ್ಲಿ ಬಿಡಿಸಿ ತೋರಿಸಿತು. ಪೊರೆಯ ವೋಲ್ಟೇಜ್, ಅಂದರೆ ಅದರ ಒಳ-ಹೊರಗಿನ ವಿದ್ಯುತ್ ವ್ಯತ್ಯಾಸ, ಕೂಡ ಬಿಕೆಯನ್ನು ತೆರೆಯುತ್ತದೆ. ಕ್ಯಾಲ್ಸಿಯಂ ಹೆಚ್ಚಿದಷ್ಟೂ ಬೇಕಾಗುವ ವೋಲ್ಟೇಜ್ ತಗ್ಗುತ್ತದೆ.

ನರಕೋಶಗಳಲ್ಲಿ ಎಸ್‌ಕೆ ಎಂಬ ಸಣ್ಣ ಸಂಬಂಧಿಯೂ ಉಂಟು. ಅದಕ್ಕೆ ವೋಲ್ಟೇಜಿನ ಹಂಗಿಲ್ಲ. ಕ್ಯಾಲ್ಮಾಡ್ಯುಲಿನ್ ಎಂಬ ಪುಟ್ಟ ಪ್ರೋಟೀನು ಅದಕ್ಕೆ ಸದಾ ಅಂಟಿಕೊಂಡಿದ್ದು, ಕ್ಯಾಲ್ಸಿಯಂ ಹಿಡಿದೊಡನೆ ಬಾಗಿಲು ತೆರೆಸುತ್ತದೆ. ನರವೊಂದು ಮಿಡಿದ ಮೇಲೆ ಮತ್ತೆ ಕೂಡಲೇ ಮಿಡಿಯದಂತೆ ತಡೆಯುವುದರಲ್ಲಿ ಎಸ್‌ಕೆಯ ಪಾಲು ದೊಡ್ಡದು. ಜೇನುನೊಣದ ವಿಷದಲ್ಲಿರುವ ಅಪಾಮಿನ್ ಈ ಬಾಗಿಲನ್ನೇ ಕಟ್ಟಿಹಾಕುವುದರಿಂದ ನರಕೋಶಗಳು ಎಡೆಬಿಡದೆ ಮಿಡಿಯತೊಡಗುತ್ತವೆ.