ಮಾತೆಯ ಪ್ರತಿಮೆ ಅಟ್ಟ ಸೇರಿದ ಮನೆ

(ಹೆಸರು, ಉದ್ಯೋಗ ಮತ್ತು ಗುರುತು ಹತ್ತಬಹುದಾದ ಇತರ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.)

ಲವೀನಾ ಮಂಗಳೂರಿನ ಕೊಂಕಣಿ ಕಥೋಲಿಕ ಮನೆತನದವರು. ಸಂದೇಶ್ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಲದಿಂದ ಅವರದು ಪ್ರೊಟೆಸ್ಟಂಟ್ ಕುಟುಂಬ, ಮನೆಮಾತು ತುಳು. ಮದುವೆಯಾಗಿ ಒಂಬತ್ತು ವರ್ಷ, ಏಳು ವರ್ಷದ ಮಗಳಿದ್ದಾಳೆ. ಆಗಸ್ಟ್ ತಿಂಗಳಲ್ಲಿ ಇಬ್ಬರೂ ಸಲಹೆ ಕೇಳಲು ನನ್ನ ಬಳಿ ಬಂದಾಗ ಲವೀನಾ ಮತ್ತೆ ಗರ್ಭಿಣಿ. ಕರಾವಳಿಯಲ್ಲಿ ಇಂಥ ಮದುವೆ ಹೊಸತೇನಲ್ಲ. ಇಬ್ಬರೂ ಕ್ರೈಸ್ತರೇ ಅಲ್ಲವೇ, ಜಗಳವಾಡಲು ಏನಿದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ನನ್ನ ಅನುಭವದಲ್ಲಿ ಹತ್ತಿರದವರ ಜಗಳವೇ ಹೆಚ್ಚು ನೋಯಿಸುವುದು.

ದೂರು ಸಣ್ಣದಾಗಿ ಕಾಣುತ್ತಿತ್ತು. ಸಂದೇಶ್ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಲು ಶುರು ಮಾಡಿದ್ದರು. ಆ ಕೂಟದವರು ಒಂದು ಶನಿವಾರ ಇವರ ಮನೆಗೆ ಬರುವವರಿದ್ದರು. ಲವೀನಾ ಕೆಲಸದಿಂದ ಮರಳುವಷ್ಟರಲ್ಲಿ ಆಲ್ತಾರಿನ (ಮನೆಯ ಪ್ರಾರ್ಥನಾ ಪೀಠದ) ಮೇಲಿದ್ದ ವೇಲಾಂಕಣ್ಣಿ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನ, ಪ್ರತಿಮೆ ಮಾಯವಾಗಿತ್ತು. ಒಂದು ಗೇಣಿನ ಪ್ರತಿಮೆ, ಹಿಂದೊಮ್ಮೆ ಬಿದ್ದು ಮುರಿದಿದ್ದ ಎರಡು ಬೆರಳುಗಳನ್ನು ಅಂಟಿಸಿದ ಗುರುತು ಇನ್ನೂ ಇದೆ. ಅದನ್ನು ಟವೆಲ್ಲಿನಲ್ಲಿ ಸುತ್ತಿ ಅಟ್ಟದಲ್ಲಿ, ಕ್ರಿಸ್ಮಸ್ ಗೋದಲಿಯ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದರು. (ಆ ಗೋದಲಿಯೊಳಗೂ ಒಬ್ಬ ಮರಿಯಮ್ಮ ಇದ್ದಾರೆ. ಅವರ ಬಗ್ಗೆ ಯಾರದೂ ತಕರಾರಿಲ್ಲ.) ಅಂದಿನಿಂದ ಗಂಡ ಹೆಂಡತಿ ಮಾತಾಡುತ್ತಿದ್ದುದು ಮಗಳ ಮೂಲಕ. ಅಷ್ಟರಲ್ಲಿ ಮೊಂತಿ ಹಬ್ಬ ಹತ್ತಿರ ಬಂದಿತ್ತು. ಸೆಪ್ಟೆಂಬರ್ 8ರ ಮರಿಯಮ್ಮನ ಜನ್ಮದಿನಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ದು ಶಿಶು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಮಗಳನ್ನು ಕಳಿಸುವುದಿಲ್ಲ ಎಂದು ಸಂದೇಶ್, ಕಳಿಸಿಯೇ ಸಿದ್ಧ ಎಂದು ಲವೀನಾ.

ಮೊದಲ ಭೇಟಿಯಲ್ಲಿ ಇಬ್ಬರೂ ವಕೀಲರ ಹಾಗೆ ತಯಾರಾಗಿ ಬಂದಿದ್ದರು. ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥನು ಯೇಸು ಒಬ್ಬನೇ ಎಂದು ಸಂದೇಶ್ ಬೈಬಲ್ಲಿನ 1 ತಿಮೊಥೆಯ 2:5 ತೆಗೆದರು. ಎಲ್ಲ ತಲೆಮಾರಿನವರೂ ನನ್ನನ್ನು ಧನ್ಯಳೆನ್ನುವರು ಎಂದು ಮರಿಯಳೇ ಹಾಡಿದ್ದಾಳಲ್ಲ ಎಂದು ಲವೀನಾ ಲೂಕ 1:48 ತೋರಿಸಿದರು. ಸಂದೇಶ್ ವಿಗ್ರಹ ಬೇಡವೆನ್ನುವ ವಿಮೋಚನಕಾಂಡ 20 ಎಂದರೆ, ಲವೀನಾ ದೇವರೇ ಚಿನ್ನದ ಕೆರೂಬಿಗಳನ್ನು (ರೆಕ್ಕೆಯುಳ್ಳ ದೇವದೂತರ ಮೂರ್ತಿಗಳನ್ನು) ಮಾಡಿಸಿದ ವಿಮೋಚನಕಾಂಡ 25 ಎಂದರು. ಕೊನೆಗೆ ಸಂದೇಶ್, "ಸತ್ಯವೇದದಲ್ಲಿ ಇಲ್ಲದ್ದನ್ನು ನಾನು ಒಪ್ಪುವುದಿಲ್ಲ" ಎಂದರು. ಲವೀನಾ ತಕ್ಷಣ, "ಸತ್ಯವೇದದಲ್ಲಿ ಯಾವ ಯಾವ ಪುಸ್ತಕ ಇರಬೇಕು ಎಂದು ಸತ್ಯವೇದದ ಯಾವ ಪುಟದಲ್ಲಿ ಬರೆದಿದೆ?" ಎಂದು ಕೇಳಿದರು. ಐದುನೂರು ವರ್ಷಗಳ ವಾದವನ್ನು ಇಬ್ಬರೂ ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದರು, ಬಗೆಹರಿದದ್ದು ಮಾತ್ರ ಏನೂ ಇಲ್ಲ.

ಬಗೆಹರಿಯುವುದೂ ಇಲ್ಲ ಎಂಬುದು ನನ್ನ ಅಭಿಪ್ರಾಯ, ಅದನ್ನು ಅವರಿಗೂ ಹೇಳಿದೆ. ಜಗಳ ಮರಿಯಮ್ಮನ ಹೆಸರಿನಲ್ಲಿ ನಡೆದರೂ ಅದರ ಬೇರು ತೀರ್ಪು ಕೊಡುವವರು ಯಾರು ಎಂಬಲ್ಲಿದೆ. ಮರಿಯಮ್ಮ ಜನ್ಮಪಾಪವಿಲ್ಲದೆ ಗರ್ಭದಲ್ಲಿ ಮೂಡಿದರು ಎಂಬುದನ್ನು 1854ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್, ದೇಹಸಮೇತ ಸ್ವರ್ಗಕ್ಕೆ ಏರಿಸಲ್ಪಟ್ಟರು ಎಂಬುದನ್ನು 1950ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ವಿಶ್ವಾಸಸತ್ಯವೆಂದು ಘೋಷಿಸಿದರು. ಗ್ರಂಥ, ಪರಂಪರೆ, ಧರ್ಮಸಭೆಯ ಬೋಧನಾಧಿಕಾರ ಮೂರೂ ಜೊತೆಯಾಗಿ ಹೋಗುತ್ತವೆ ಎನ್ನುವ ಕಥೋಲಿಕರಿಗೆ ಇದರಲ್ಲಿ ಅಡ್ಡಿಯಿಲ್ಲ. ಗ್ರಂಥವೇ ಕೊನೆಯ ಅಳತೆ ಎನ್ನುವ ಪ್ರೊಟೆಸ್ಟಂಟರಿಗೆ ಪೋಪರ ಘೋಷಣೆ ಪ್ರಮಾಣವಾಗದು. ಹೀಗಿರುವಾಗ ಊಟದ ಮೇಜಿನ ಮೇಲೆ ವಚನ ಎಸೆದು ಗೆಲ್ಲುತ್ತೇವೆ ಎಂದುಕೊಳ್ಳುವುದು ವ್ಯರ್ಥ ಶ್ರಮ.

ನನಗೆ ಬೇರೆಯದೇ ಪ್ರಶ್ನೆಯಿತ್ತು. ಪ್ರತಿಮೆ ಮದುವೆಯಾದಾಗಿನಿಂದಲೂ ಅಲ್ಲೇ ಇತ್ತು. ಎಂಟು ವರ್ಷ ಕಣ್ಣು ಚುಚ್ಚದ್ದು ಈಗೇಕೆ ಚುಚ್ಚಿತು? ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ.

ಲವೀನಾ ಹೇಳಿದ್ದು ತಂದೆಯ ಸಾವಿನ ಕಥೆ. ಕಳೆದ ವರ್ಷ ಆಸ್ಪತ್ರೆಯಲ್ಲಿ ತಂದೆಯ ಕೈ ಹಿಡಿದು "ನಮಾನ್ ಮರಿಯೆ" (ಮರಿಯಮ್ಮನಿಗೆ ಸಲ್ಲಿಸುವ ಕೊಂಕಣಿ ಪ್ರಾರ್ಥನೆ) ಹೇಳುತ್ತಿದ್ದಾಗಲೇ ಅವರು ತೀರಿಕೊಂಡರು. ಪ್ರತಿಮೆ ಅವರು ವೇಲಾಂಕಣ್ಣಿಯಿಂದ ತಂದುಕೊಟ್ಟದ್ದು. ಅವರ ಆತ್ಮಕ್ಕಾಗಿ ನಡೆದ ತಿಂಗಳ ಬಲಿಪೂಜೆಗೆ (ಚರ್ಚಿನ ಮಾಸ್‌ಗೆ) ಸಂದೇಶ್ ಬರಲಿಲ್ಲ, ಸತ್ತವರಿಗಾಗಿ ಪ್ರಾರ್ಥಿಸುವುದು ಗ್ರಂಥದಲ್ಲಿಲ್ಲ ಎಂದರು. ಲವೀನಾರ ಬೈಬಲ್ಲಿನಲ್ಲಿ ಅದು ಇದೆ, ಮಕ್ಕಬಿಯರ ಎರಡನೆಯ ಪುಸ್ತಕದ 12ನೆಯ ಅಧ್ಯಾಯದಲ್ಲಿ. ಸಂದೇಶರ ಬೈಬಲ್ಲಿನಲ್ಲಿ ಆ ಪುಸ್ತಕವೇ ಇಲ್ಲ. ಸಂದೇಶರದರಲ್ಲಿ 66 ಪುಸ್ತಕ, ಲವೀನಾರದರಲ್ಲಿ 73. ಆದರೆ ಆಕೆಗೆ ಬೇಕಾಗಿದ್ದುದು ಆಧಾರ ವಚನವಲ್ಲ, ಆ ದಿನ ಪಕ್ಕದ ಬೆಂಚಿನಲ್ಲಿ ಗಂಡ.

ಸಂದೇಶ್ ಕೊಲ್ಲಿಯ ಕೆಲಸ ಕಳೆದುಕೊಂಡು ಊರಿಗೆ ಬಂದವರು. ತಿಂಗಳುಗಟ್ಟಲೆ ಕೆಲಸವಿಲ್ಲದೆ ಕುಳಿತಾಗ ಮಗಳ ಶಾಲೆಯ ಶುಲ್ಕ ಕಟ್ಟಿದವರು, ಈಗಿನ ಕೆಲಸಕ್ಕೆ ಮಾತಾಡಿದವರು ಅದೇ ಪ್ರಾರ್ಥನಾ ಕೂಟದವರು. ಹೆಂಡತಿಗೆ ಶುಲ್ಕದ ವಿಷಯವನ್ನು ಅವರು ಹೇಳಿಯೇ ಇರಲಿಲ್ಲ. ಆ ಜನರ ಎದುರು "ಮನೆಯಲ್ಲಿ ವಿಗ್ರಹ ಇಟ್ಟುಕೊಂಡವನು" ಎನ್ನಿಸಿಕೊಳ್ಳುವ ಅಂಜಿಕೆ ಪ್ರತಿಮೆಯನ್ನು ಅಟ್ಟಕ್ಕೆ ಏರಿಸಿತ್ತು. ಈ ಮಾತನ್ನು ನಾನು ಹೇಳುವುದಿಲ್ಲ, ನೀವೇ ಲವೀನಾರಿಗೆ ಹೇಳಿ ಎಂದೆ. ಹೇಳಲು ಎರಡು ವಾರ ತೆಗೆದುಕೊಂಡರು.

ಅದಾದ ಮೇಲೆಯೇ ಸಲಹೆಗೆ ಅರ್ಥ ಬಂದದ್ದು. ಮೊದಲು ಕೊಟ್ಟ ಕೆಲಸ: ಇನ್ನೊಬ್ಬರ ಸಭೆ ಏನು ಕಲಿಸುತ್ತದೆ ಎಂಬುದನ್ನು ಅವರು "ಹೌದು, ಇದೇ" ಎನ್ನುವ ತನಕ ಹೇಳಬೇಕು, ನಡುವೆ ಖಂಡಿಸುವಂತಿಲ್ಲ. ಸಂದೇಶ್ ಮೂರು ಬಾರಿ ಎಡವಿದರು. ಕಥೋಲಿಕರು ಮರಿಯಮ್ಮನನ್ನು ಆರಾಧಿಸುತ್ತಾರೆ ಎಂದೇ ಅವರು ಚಿಕ್ಕಂದಿನಿಂದ ಕೇಳಿದ್ದು. ಆರಾಧನೆ ದೇವರಿಗೆ ಮಾತ್ರ, ಮರಿಯಮ್ಮನಿಗೆ ಸಲ್ಲುವುದು ಸಂತರಿಗೆ ಸಲ್ಲುವುದಕ್ಕಿಂತ ಹೆಚ್ಚಿನ ಗೌರವ, ಕೇಳುವುದು "ನಮಗಾಗಿ ಪ್ರಾರ್ಥಿಸಿರಿ" ಎಂದು, ಇಷ್ಟನ್ನು ಅವರು ಒಪ್ಪದಿದ್ದರೂ ಸರಿಯಾಗಿ ಹೇಳಲು ಕಲಿತರು. ಪ್ರೊಟೆಸ್ಟಂಟರಿಗೆ ಮರಿಯಮ್ಮ ಎಂದರೆ ತಾತ್ಸಾರ ಎಂದುಕೊಂಡಿದ್ದ ಲವೀನಾರಿಗೂ ಆಶ್ಚರ್ಯ ಕಾದಿತ್ತು. ಸಿ.ಎಸ್.ಐ. ಆರಾಧನೆಯ ವಿಶ್ವಾಸಪ್ರಮಾಣದಲ್ಲಿ ಕನ್ಯೆ ಮರಿಯಳ ಹೆಸರಿದೆ. ಮರಿಯಳ ಸ್ತುತಿಗೀತೆಯ ಮೇಲೆ ಪ್ರೊಟೆಸ್ಟಂಟ್ ಸುಧಾರಣೆ ಆರಂಭಿಸಿದ ಮಾರ್ಟಿನ್ ಲೂಥರ್ 1521ರಲ್ಲಿ ಒಂದು ವ್ಯಾಖ್ಯಾನವನ್ನೇ ಬರೆದರು. 431ರ ಎಫೆಸ ಮಹಾಸಭೆ ಕೊಟ್ಟ "ದೇವಮಾತೆ" ಎಂಬ ಬಿರುದನ್ನು ಲೂಥರ್ ಕೈಬಿಡಲಿಲ್ಲ.

ಎರಡನೆಯದು, ದೇವಶಾಸ್ತ್ರದ ಸಂದೇಹಗಳನ್ನು ನನ್ನ ಬಳಿ ತರಬೇಡಿ, ಬರೆದುಕೊಂಡು ನಿಮ್ಮ ನಿಮ್ಮ ಗುರುಗಳ ಬಳಿ ಹೋಗಿ, ಇಬ್ಬರೂ ಕೂಡಿಯೇ ಹೋಗಿ ಎಂದೆ. ಇದರಿಂದ ಹಳೆಯ ಗಾಯವೊಂದು ಬಯಲಾಯಿತು. ಮದುವೆಗೆ ಮುಂಚೆ ಚರ್ಚಿನ ಕಚೇರಿಯಲ್ಲಿ ಮಕ್ಕಳನ್ನೆಲ್ಲ ಕಥೋಲಿಕರಾಗಿಸುತ್ತೇನೆ ಎಂದು ತನ್ನಿಂದ ಬರೆಸಿಕೊಂಡರು ಎಂಬ ಸಿಟ್ಟು ಸಂದೇಶರಲ್ಲಿ ಒಂಬತ್ತು ವರ್ಷದಿಂದ ಇತ್ತು. ಫಾದರ್ ಕಡತ ತೆಗೆಸಿ ವಿವರಿಸಿದರು. ಮಿಶ್ರ ವಿವಾಹದಲ್ಲಿ ಮಾತು ಕೊಡುವುದು ಕಥೋಲಿಕ ವಧು ಅಥವಾ ವರ ಮಾತ್ರ. ಮಕ್ಕಳ ಜ್ಞಾನಸ್ನಾನ (ದೀಕ್ಷಾಸ್ನಾನ), ಪಾಲನೆ ಕಥೋಲಿಕ ಧರ್ಮಸಭೆಯಲ್ಲಿ ಆಗುವಂತೆ ತನ್ನಿಂದಾದಷ್ಟೂ ಮಾಡುತ್ತೇನೆ ಎಂಬುದು ಆ ಮಾತು. ಇನ್ನೊಬ್ಬರಿಗೆ ಅದನ್ನು ತಿಳಿಸಬೇಕು, ಅಷ್ಟೇ. ಇಬ್ಬರೂ ಮಾತು ಕೊಡಬೇಕೆಂಬ ನಿಯಮ 1970ರಲ್ಲೇ ಹೋಯಿತು. ಸಂದೇಶ್ ಸಹಿ ಹಾಕಿದ್ದುದು ವಿಷಯ ತಿಳಿದಿದೆ ಎಂಬುದಕ್ಕೆ. ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ "ಮೋಸ ಮಾಡಿದಿರಿ" ಎಂಬ ಮಾತು ಮತ್ತೆ ಬಂದಿಲ್ಲ.

ಮನೆಯ ಮಟ್ಟಿಗೆ ನಾನು ಹಟ ಹಿಡಿದದ್ದು ಎರಡೇ ವಿಷಯಕ್ಕೆ. ಒಬ್ಬರ ಪೂಜ್ಯ ವಸ್ತುವನ್ನು ಇನ್ನೊಬ್ಬರು ಅವರಿಲ್ಲದಾಗ ಮುಟ್ಟಬಾರದು. ಮಗಳ ಎದುರು "ಅಪ್ಪ ಹೀಗೆ ನಂಬುತ್ತಾರೆ, ನಾನು ಹೀಗೆ ನಂಬುತ್ತೇನೆ" ಎನ್ನಬಹುದೇ ಹೊರತು ಯಾರು ಸರಿ ಎಂದು ಅವಳನ್ನು ಕೇಳಬಾರದು. ಪ್ರತಿಮೆ ಮರಳಿ ಆಲ್ತಾರಿಗೆ ಬಂತು. ಅದು ಅಲ್ಲಿರುತ್ತದೆ ಎಂದು ಕೂಟದವರಿಗೆ ಸಂದೇಶರೇ ಮೊದಲಾಗಿ ತಿಳಿಸಿದರು. ಒಂದು ಕುಟುಂಬ ಬರುವುದನ್ನು ನಿಲ್ಲಿಸಿತು, ಉಳಿದವರು ಬರುತ್ತಿದ್ದಾರೆ. ಮಗಳು ಅಜ್ಜಿಯ ಜೊತೆ ಹೂ ಒಯ್ದಳು. ಸಂದೇಶ್ ಆ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆಗೆ ಹೋಗಲಿಲ್ಲ, ಹಬ್ಬದ ದಿನ ಅತ್ತೆಯ ಮನೆಯಲ್ಲಿ ಹೊಸ ಅಕ್ಕಿಯ ಊಟಕ್ಕೆ ಕುಳಿತರು. ಮಾವನ ವರ್ಷದ ಬಲಿಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪ್ರಾರ್ಥನೆಗೆ ದನಿಗೂಡಿಸಲಿಲ್ಲವಂತೆ. ಲವೀನಾ ಅದನ್ನು ಕೇಳಿಯೂ ಇರಲಿಲ್ಲ.

ವಾದ ನಿಂತಿತು ಎಂದು ಯಾರೂ ತಿಳಿಯಬೇಡಿ. 2025ರ ನವೆಂಬರಿನಲ್ಲಿ ವ್ಯಾಟಿಕನ್ ಒಂದು ಟಿಪ್ಪಣಿ ಹೊರಡಿಸಿ ಮರಿಯಮ್ಮನನ್ನು "ಸಹ-ವಿಮೋಚಕಿ" ಎಂದು ಕರೆಯುವುದು ಉಚಿತವಲ್ಲ ಎಂದಿತು. ಸಂದೇಶ್ ಆ ಸುದ್ದಿಯನ್ನು ಮೊಬೈಲಿನಲ್ಲಿ ಹಿಡಿದು ಗೆದ್ದವರಂತೆ ಬಂದರು. ಲವೀನಾ ಅದೇ ಸುದ್ದಿ ಓದಿ, "ಯೇಸುವಿನ ಸಮಕ್ಕೆ ಅವರನ್ನು ಕೂರಿಸಿಲ್ಲ ಎಂದು ನಾನು ಮೊದಲಿನಿಂದ ಹೇಳುತ್ತಿಲ್ಲವೇ" ಎಂದರು. ಇಬ್ಬರೂ ನಗುತ್ತಿದ್ದರು, ಆದ್ದರಿಂದ ನಾನು ಬಾಯಿ ಹಾಕಲಿಲ್ಲ.

ಉಳಿದಿರುವುದು ಹುಟ್ಟಲಿರುವ ಮಗುವಿನ ಜ್ಞಾನಸ್ನಾನ. ಮೊದಲನೆಯದು ಅವರ ಚರ್ಚಿಗೆ ಹೋಯಿತು, ಎರಡನೆಯದು ನಮ್ಮದಕ್ಕೆ ಎನ್ನುವುದು ಸಂದೇಶರ ಮನೆಯವರ ಲೆಕ್ಕ. ಆಸ್ತಿ ಪಾಲು ಮಾಡಿದಂತೆ ಮಕ್ಕಳನ್ನು ಹಂಚುವುದನ್ನು ನಾನು ಒಪ್ಪುವುದಿಲ್ಲ, ಅಕ್ಕ ಒಂದು ಚರ್ಚಿಗೆ ತಮ್ಮ ಇನ್ನೊಂದಕ್ಕೆ ಎಂದರೆ ಜಗಳವನ್ನು ಮುಂದಿನ ಪೀಳಿಗೆಗೆ ದಾಟಿಸಿದಂತೆ. ಕೂಟದವರು ಶಿಶುವಿಗೆ ದೀಕ್ಷಾಸ್ನಾನವೇ ಸಲ್ಲದು ಎನ್ನುತ್ತಾರೆ, ಆದರೆ ಸಂದೇಶರ ಸ್ವಂತ ಸಭೆ ಶಿಶುಗಳಿಗೆ ಕೊಡುತ್ತದೆ. ನೀರಿನಿಂದ, ಪಿತ, ಸುತ, ಪವಿತ್ರಾತ್ಮನ ಹೆಸರಿನಲ್ಲಿ ಕೊಟ್ಟದ್ದನ್ನು ಎರಡೂ ಸಭೆಗಳು ಮಾನ್ಯ ಮಾಡುತ್ತವೆ, ಯಾರೂ ಮತ್ತೆ ಕೊಡುವುದಿಲ್ಲ. ಏಳು ತಿಂಗಳು ತುಂಬುವ ಮೊದಲೇ ನೀವಿಬ್ಬರೇ ಕುಳಿತು ನಿರ್ಧರಿಸಿ, ಆಮೇಲೆ ಎರಡೂ ಮನೆಯ ಹಿರಿಯರನ್ನು ಒಂದೇ ದಿನ ಕರೆದು ಒಟ್ಟಿಗೆ ತಿಳಿಸಿ ಎಂದಿದ್ದೇನೆ. ಇನ್ನೂ ತೀರ್ಮಾನವಾಗಿಲ್ಲ. ಲವೀನಾರ ತಾಯಿ ಬಿಳಿ ಅಂಗಿ ಹೊಲಿಸಿಟ್ಟಾಗಿದೆ, ಸದ್ಯ ಅದನ್ನು ಅವರ ಮನೆಯಲ್ಲೇ ಇಡಲು ಹೇಳಿದ್ದೇನೆ.