ಮಾಳಿಗಿ ಮ್ಯಾಲ ಮಣ್ಣ ಹಾಕೂ ಮೊದಲ ತೊಲಿ ತುದಿ ನೋಡ್ರಿ

ಅಣ್ಣಾರ, ನೀವು ಬರದದ್ದು ಎರಡ ಸಲ ಓದಿದೆ. ಅಜ್ಜನ ಕಾಲದ ಮಾಳಿಗಿ ಮನಿ (ಕಟಗಿ ಮ್ಯಾಲ ಮಣ್ಣ ಹಾಸಿದ ಚಾವಣಿ), ಪಡಸಾಲ್ಯಾಗ ಎರಡ ಕಡೆ ಸೋರತೈತಿ. ಗೌಂಡಿ "ಮ್ಯಾಲ ಎರಡಿಂಚ ಹೊಸಾ ಮಣ್ಣ ಹಾಕ್ರಿ" ಅಂತಾನ, ನಿಮ್ಮ ತಮ್ಮ "ಎಲ್ಲಾ ಕೆಡವಿ ಸ್ಲ್ಯಾಬ್ ಹಾಕೂಣು" ಅಂತಾನ. ಸದ್ಯಕ್ಕ ಎರಡೂ ಬ್ಯಾಡ್ರಿ. ಮೊದಲ ತೊಲಿ (ಭಾರ ಹೊರೂ ದೊಡ್ಡ ಅಡ್ಡ ಕಟಗಿ), ಜಂತಿ (ಅದರ ಮ್ಯಾಲಿನ ಸಣ್ಣ ಕಟಗಿ) ನೋಡ್ರಿ.

ಸೋರಿದ್ರ ಮಣ್ಣ ಕೆಟ್ಟೈತಿ ಅಂತ ಅರ್ಥ, ಅದನ್ನ ಒಂದ ಬ್ಯಾಸಗ್ಯಾಗ ಸರಿ ಮಾಡಬಹುದು. ಮನಿ ಕುಸಿಯೂದು ಕಟಗಿ ಕೆಟ್ಟಾಗ. ಕಟಗಿ ಬಹಳ ಸಲ ನಡಕ ಕೆಡಂಗಿಲ್ಲ, ಗ್ವಾಡಿ ಒಳಗ ಹೊಕ್ಕಿರೂ ತುದಿಗೆ ಕೆಡತೈತಿ. ಅಲ್ಲಿ ಗಾಳಿ ಆಡಂಗಿಲ್ಲ, ಹಸಿ ಆರಂಗಿಲ್ಲ, ಗೆದ್ದಲಿ ಹತ್ತೂದೂ ಗ್ವಾಡಿ ಹಿಡದ. ಏಣಿ ಹಚ್ಚಿ, ಚೀಲ ಹೊಲಿಯೂ ದಬ್ಬಣ ತಗೊಂಡು ಒಂದೊಂದ ತುದಿಗೂ ಚುಚ್ಚಿ ನೋಡ್ರಿ. ದಬ್ಬಣದ ಮೊನಿ ಅಷ್ಟ ಊರಿ ನಿಂತ್ರ ಕಟಗ್ಯಾಗ ಜೀವ ಐತಿ. ಇಂಚಗಟ್ಟಲೆ ಸರಾಗ ಇಳದ್ರ ಒಳಗ ಏನೂ ಉಳದಿಲ್ಲ. ಸುತಗಿಲೆ ಬಡದ್ರೂ ಗೊತ್ತಾಗತೈತಿ, ಗಟ್ಟಿ ಕಟಗಿ ಟಣ್ ಅಂತೈತಿ, ಟೊಳ್ಳಾದದ್ದು ಡಬ್ ಅಂತೈತಿ. ಒಲಿ ಹೊಗಿ ಕುಡದ ಅಡಗಿಮನಿ ಜಂತಿ ನಮ್ಮಲ್ಲಿ ಇನ್ನೂ ಕಬ್ಬಿಣ ಇದ್ದಂಗ ಅದಾವ, ಪಡಸಾಲಿವು ಮೊದಲ ಹೋದುವು.

ತೊಲಿ ಬಾಗೈತಿ ಅಂತ ಹೆದರಬ್ಯಾಡ್ರಿ, ಹಳೇ ತೊಲಿ ಅಷ್ಟಿಷ್ಟ ಬಾಗಿರತೈತಿ. ಬಾಗೂದು ಹೆಚ್ಚಾಗಾಕತ್ತೈತೇನು ಅನ್ನೂದ ನೋಡಬೇಕು. ಈ ತುದಿಯಿಂದ ಆ ತುದಿಗೆ ತೊಲಿ ಕೆಳಗ ದಾರ ಬಿಗದು, ನಟ್ಟನಡಕ ತೊಲಿ ಎಷ್ಟ ಕೆಳಗ ಇಳದೈತಿ ಅಳದು, ತಾರೀಕ ಸಮೇತ ಗ್ವಾಡಿಗೆ ಬರೀರಿ. ತಿಂಗಳ ಬಿಟ್ಟು ಮತ್ತ ಅಳೀರಿ. ಕಾಲಿಂಚ ಹೆಚ್ಚಾಗಿದ್ರೂ ಅವತ್ತ ಕೆಳಗ ಆಸರಿ ಕಂಬ ಕೊಡಬೇಕು.

ಇನ್ನ ಭಾರದ ಲೆಕ್ಕ. ಒಂದ ಘನ ಅಡಿ ಒಣಾ ಮಣ್ಣ ಸುಮಾರು 45 ಕಿಲೋ. 10x10 ಖೋಲಿ ಮ್ಯಾಲ ಎರಡಿಂಚ ಹಾಕಿದ್ರ ಏಳೂವರಿ ಕ್ವಿಂಟಲ್ ಆತು, ನೆನದ್ರ ಇನ್ನೂ ಹೆಚ್ಚು. ನಮ್ಮ ಅಪ್ಪ ಪ್ರತಿ ಬ್ಯಾಸಗಿಗೆ ಹಳೇದನ್ನ ಕೆರೀದನ ಹೊಸಾ ಮಣ್ಣ ಹಾಕತಿದ್ದ. 2019ರ ಆಗಸ್ಟ್ ಮಳ್ಯಾಗ ಒಂದ ರಾತ್ರಿ ಎರಡ ಜಂತಿ ಮುರದು ಬಿದ್ದುವು. ದನಕ್ಕ ಮೇವು ಹಾಕಾಕ ಎದ್ದಿದ್ವಿ, ಉಳಕೊಂಡ್ವಿ. ಬಿಚ್ಚಿ ಅಳದ್ರ ಮಣ್ಣ ಹದಿನಾಲ್ಕ ಇಂಚ ಇತ್ತು! ಅದಕ್ಕೂ ಮೊದಲ ವಾರಗಟ್ಟಲೆ ಹಾಸಿಗಿ ಮ್ಯಾಲ ಮಣ್ಣ ಉದರತಿತ್ತು, ತೊಲಿ ಕೆಳಗಿನ ಗ್ವಾಡಿ ಹೊಟ್ಟಿ ಬಂದಿತ್ತು. ನಾವು ಮಣ್ಣ ಉಡುಗಿ ಉಡುಗಿ ಸುಮ್ಮನಾದ್ವಿ. ನೀವು ಹಂಗ ಮಾಡಬ್ಯಾಡ್ರಿ.

ಕಟಗಿ ಗಟ್ಟಿ ಇದ್ರ ಮಳಿ ನಿಂತ ಮ್ಯಾಲ ಮಾಳಿಗಿ ಏರ್ರಿ. ನೀರು ಎಲ್ಲಿ ನಿಂತೈತಿ, ಹರನಾಳಗಿ (ಮಾಳಿಗಿ ನೀರು ಹೊರಗ ಬೀಳೂ ಕೊಳವಿ) ಕಟ್ಟೈತೇನು, ಕುಂಬಿ (ಮಾಳಿಗಿ ಸುತ್ತಿನ ಗಿಡ್ಡ ಗ್ವಾಡಿ) ಬುಡಕ ಇಲಿ ತೂತ ಅದಾವೇನು ನೋಡ್ರಿ. ಹುಲ್ಲಿನ ಬೇರ ಹಿಡದ ನೀರು ಕೆಳಗ ಇಳೀತೈತಿ. ಬ್ಯಾಸಗ್ಯಾಗ ಹಳೇ ಮಣ್ಣ ಕೆರದು, ಹರನಾಳಗಿ ಕಡೆ ಇಳಿಜಾರ ಕೊಟ್ಟು, ಸವಳ (ಉಪ್ಪಿನಂಶದ) ಮಣ್ಣ ಹಾಕಿ ಬಡೀರಿ. ಸವಳ ಮಣ್ಣ ನೆನದಾಗ ಸಣ್ಣಾಗಿ ಕರಗಿ ತನ್ನ ತೂತ ತಾನ ಮುಚ್ಚಕೋತೈತಿ. ಎರಿ (ಕರಿ) ಮಣ್ಣ ಮಾತ್ರ ಬ್ಯಾಡ, ಹೊಲದಾಗ ಬಿರಕ ಬಿಟ್ಟಂಗ ಮಾಳಿಗಿ ಮ್ಯಾಲೂ ಬಿಡತೈತಿ. ತಾಡಪತ್ರಿ ಮಳಿ ಬಂದಾಗ ಹಾಕ್ರಿ, ಬಿಸಲ ಬಿದ್ದ ಕೂಡಲೆ ತಗೀರಿ, ಇಲ್ಲಾಂದ್ರ ಒಳಗಿನ ಹಸಿ ಆರಂಗಿಲ್ಲ.

ಎರಡ ಮೂರ ಜಂತಿ ಅಷ್ಟ ಕೆಟ್ಟಿದ್ರ ಆಸರಿ ಕೊಟ್ಟು ಅವನ್ನ ಬದಲಸ್ರಿ. ದೊಡ್ಡ ತೊಲಿ ತುದಿನ ಮೆತ್ತಗಾಗಿದ್ರ ಮಾಳಿಗಿ ಪೂರಾ ಇಳಸೂದ ಬರೋಬರಿ. ಅದರ ಬದಲ ಹಾಕೂ ಐದಿಂಚ ಸ್ಲ್ಯಾಬ್ ಚದರಡಿಗೆ 30 ಕಿಲೋ ಆಗತೈತಿ, ಒಂದಡಿ ಮಣ್ಣಿಗಿಂತ ಹಗರ. ಆದ್ರ ಮಣ್ಣಿನ ಗ್ವಾಡಿ ಮ್ಯಾಲ ನೇರ ಕೂಡಸಬ್ಯಾಡ್ರಿ, ಪಿಲ್ಲರ್ ಎಬ್ಬಸ್ರಿ, ಇಂಜಿನಿಯರ್‌ಗೆ ಒಂದ ಸಲ ತೋರಸ್ರಿ.

ಇಳಸೂದಾದ್ರ ಯುಗಾದಿ ಆದ ಮ್ಯಾಲ. ಮಣ್ಣ ಎರಡೂ ಕಡೆಯಿಂದ ಸಮ ತಗೀರಿ, ಒಂದ ಕಡೆ ಗುಡ್ಡಿ ಹಾಕಬ್ಯಾಡ್ರಿ. ಬಿಚ್ಚಿದ ಗ್ವಾಡಿ ಮಳಿಗೆ ಬಿಡಬ್ಯಾಡ್ರಿ. 2021ರ ಅಕ್ಟೋಬರ್‌ನಾಗ ಬೆಳಗಾವಿ ತಾಲೂಕಿನ ಬಡಾಲ ಅಂಕಲಗ್ಯಾಗ ಮಳಿಗೆ ನೆನದ ಗ್ವಾಡಿ ಬಿದ್ದು ಏಳ ಮಂದಿ ಜೀವ ಹೋತು.

ದಬ್ಬಣ ಯಾವ ತುದಿಗೆ ಎಷ್ಟ ಇಳೀತು ಅಂತ ಇಲ್ಲೇ ಬರೀರಿ, ತೊಲಿ ತುದಿ ಫೋಟೋನೂ ಹಾಕ್ರಿ, ನೋಡಿ ಹೇಳತೀನಿ. ಅಲ್ಲೀತನಕ ಆ ಪಡಸಾಲ್ಯಾಗ ಯಾರೂ ಮಲಗಬ್ಯಾಡ್ರಿ.